ಪರರ ನೋವಿಗೆ ನಮ್ಮ ಅಳತೆಗೋಲು

ಸರ್ಪಸುತ್ತು ಎಂಬ ಹೆಸರು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಈಗಲೂ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಪಕ್ಕೆಯಿಂದಲೋ ಸೊಂಟದಿಂದಲೋ ಹೊರಟು ಬೆನ್ನಿನತ್ತ ಪಟ್ಟಿಯಂತೆ ಸಾಗುವ ಆ ನೀರ್ಗುಳ್ಳೆಗಳಲ್ಲಿ ಹಿರಿಯರು ಹಾವಿನ ತಲೆಯನ್ನೂ ಬಾಲವನ್ನೂ ಗುರುತಿಸುತ್ತಾರೆ. ಎರಡೂ ಕೂಡಿಕೊಂಡರೆ ರೋಗಿ ಉಳಿಯುವುದಿಲ್ಲ ಎನ್ನುತ್ತಾರೆ. ಕೆಮ್ಮಣ್ಣು ಹಚ್ಚುವವರುಂಟು, ಮಂತ್ರ ಹಾಕಿಸುವವರುಂಟು. ವೈದ್ಯರು ಹೇಳುವ ಕಥೆ ಬೇರೆ. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಾಣು ನರಗಳ ಬುಡದಲ್ಲಿ ಹತ್ತಾರು ವರ್ಷ ಅಡಗಿ ಕುಳಿತಿದ್ದು, ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ನರಗಳು ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಹೊರಡುವುದರಿಂದ ಆ ಪಟ್ಟಿ ಸಾಮಾನ್ಯವಾಗಿ ದೇಹದ ನಡುಗೆರೆಯನ್ನು ದಾಟುವುದೇ ಇಲ್ಲ. ಹಾವು ಸುತ್ತು ಪೂರೈಸದಿರುವುದಕ್ಕೆ ಕಾರಣ ಕೆಮ್ಮಣ್ಣಲ್ಲ, ನಮ್ಮ ದೇಹದ ರಚನೆ.

ಇಪ್ಪತ್ತು ವರ್ಷಗಳ ಹಿಂದೆ ನಾನು ಕಾವೇರಿ ಸೀಮೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿದ್ದೆ. ತಪಸ್ಸುಕಾಲದಲ್ಲಿ ವ್ಯಾಧಿಸ್ಥರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಒಬ್ಬ ಅಜ್ಜಿಯ ಮನೆಗೆ ಹೋಗುವುದಿತ್ತು. ಆಕೆಗೆ ಸರ್ಪಸುತ್ತು ಬಂದು ಹೋಗಿ ಮೂರು ತಿಂಗಳಾಗಿತ್ತು. ಗುಳ್ಳೆಗಳು ಒಣಗಿ, ಚರ್ಮದ ಮೇಲೆ ಮಾಸಲು ಕಲೆ ಮಾತ್ರ ಉಳಿದಿತ್ತು. ಆದರೂ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: "ಸ್ವಾಮಿ, ಸೆರಗು ತಗುಲಿದರೂ ಬೆಂಕಿ ಇಟ್ಟಂಗೆ ಆಯ್ತದೆ. ಗಾಳಿ ಬೀಸಿದರೂ ಉರೀತದೆ." ನಾನು ಆಕೆಯ ಪಕ್ಕೆಯನ್ನು ನೋಡಿದೆ; ಗಾಯವಿಲ್ಲ, ಊತವಿಲ್ಲ. ಅದೇ ಬೀದಿಯಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿಕೊಂಡಿದ್ದ ಇನ್ನೊಬ್ಬ ತಾಯಿಯಿದ್ದರು. ನಾನು ಹೋದಾಗಲೆಲ್ಲ ಆಕೆ ನಗುಮುಖದಿಂದಲೇ ಮಾತನಾಡಿಸುತ್ತಿದ್ದರು. ನನ್ನ ಮನಸ್ಸು ತಾನಾಗಿಯೇ ಇಬ್ಬರನ್ನೂ ತಕ್ಕಡಿಗೆ ಹಾಕಿತು. "ಅಜ್ಜೀ, ಆ ತಾಯಿಯನ್ನು ನೋಡಿ ಕಲಿಯಿರಿ. ನಿಮ್ಮ ನೋವನ್ನು ಯೇಸುಸ್ವಾಮಿಯ ಶಿಲುಬೆಗೆ ಒಪ್ಪಿಸಿ, ತಾಳ್ಮೆಯಿಂದಿರಿ" ಎಂದೆ. ಅಜ್ಜಿ "ಆಗಲಿ ಸ್ವಾಮಿ" ಎಂದರು. ಆಮೇಲೆ ನನ್ನ ಮುಂದೆ ಆಕೆ ನೋವಿನ ಮಾತೆತ್ತಲಿಲ್ಲ. ನನ್ನ ಉಪದೇಶ ಫಲಿಸಿತೆಂದೇ ನಾನು ತಿಳಿದೆ.

ನಾಲ್ಕು ವರ್ಷಗಳ ಹಿಂದೆ ಅದೇ ಹಾವು ನನ್ನ ಎಡಪಕ್ಕೆಯಲ್ಲಿ ಕಾಣಿಸಿಕೊಂಡಿತು. ಮೂರು ದಿನಗಳೊಳಗೆ ಔಷಧ ಆರಂಭಿಸಿದರೆ ಒಳ್ಳೆಯದು ಎನ್ನುತ್ತಾರೆ. ನಾನು ಉಳುಕಿರಬೇಕೆಂದು ಎಣ್ಣೆ ಹಚ್ಚಿಕೊಂಡು ಐದು ದಿನ ಕಳೆದೆ. ಗುಳ್ಳೆ ಒಣಗಿದ ಮೇಲೂ ಉರಿ ಉಳಿಯಿತು. ಬನಿಯನ್ ತೊಡಲಾರದೆ, ಬಲಿಪೂಜೆಯ ಉಡುಪು ಪಕ್ಕೆಗೆ ತಗಲದಂತೆ ಎಡಗೈಯನ್ನು ದೂರ ಹಿಡಿದು ಪೀಠದ ಮುಂದೆ ನಿಲ್ಲುತ್ತಿದ್ದೆ. ಆಗ ಆ ಅಜ್ಜಿಯ ಮಾತು ನೆನಪಾಯಿತು. ಆಕೆ ಉತ್ಪ್ರೇಕ್ಷೆ ಮಾಡಿರಲಿಲ್ಲ. ಹಾನಿಗೊಂಡ ನರ ಗಾಯವಿಲ್ಲದಿದ್ದರೂ ಗಾಯದ ಸುದ್ದಿಯನ್ನೇ ಕಳುಹಿಸುತ್ತದೆ. ಬಟ್ಟೆಯ ಸ್ಪರ್ಶವನ್ನೂ ಸುಡುವಿಕೆ ಎಂದೇ ವರದಿ ಮಾಡುತ್ತದೆ. ಇದನ್ನು ವೈದ್ಯರೊಬ್ಬರು ನನಗೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಹೀಗೆ ಆರಂಭವಾದ ನನ್ನ ಓದು ಒಂದು ಹಾರ್ಮೋನಿನ ಬಳಿಗೆ ನನ್ನನ್ನು ಕೊಂಡೊಯ್ದಿತು. ಅಲ್ಲಿಂದ ನನ್ನ ಹಳೆಯ ತಕ್ಕಡಿ ನನಗೇ ನಾಚಿಕೆ ತರಿಸತೊಡಗಿತು.

ಆ ಹಾರ್ಮೋನಿನ ಹೆಸರು ಆಕ್ಸಿಟೋಸಿನ್. ಹೆರಿಗೆ ಕೋಣೆಯನ್ನು ಕಂಡ ತಾಯಂದಿರಿಗೂ ದನ ಸಾಕಿದವರಿಗೂ ಇದು ಅಪರಿಚಿತವಲ್ಲ. 1906ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಡೇಲ್, ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ತೆಗೆದ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂದು ಕಂಡುಕೊಂಡರು. ಹೆಸರಿನ ಗ್ರೀಕ್ ಮೂಲಕ್ಕೆ 'ಶೀಘ್ರ ಪ್ರಸವ' ಎಂಬ ಅರ್ಥವಿದೆ. ಕೇವಲ ಒಂಬತ್ತು ಅಮೈನೋ ಆಮ್ಲಗಳು ಕೂಡಿದ ಸಣ್ಣ ಸರಪಳಿ ಇದು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದರು. 1955ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಬಹುಕಾಲ ಇದರ ಕೆಲಸ ಎರಡೇ ಎಂದು ತಿಳಿಯಲಾಗಿತ್ತು: ಮಗುವನ್ನು ಹೊರತರುವುದು, ಎದೆಹಾಲನ್ನು ಇಳಿಸುವುದು.

ಇದಕ್ಕೆ ನೋವಿನೊಂದಿಗೂ ನಂಟಿದೆ ಎಂಬುದು ಕ್ರಮೇಣ ಬೆಳಕಿಗೆ ಬಂದ ವಿಷಯ. ಮಿದುಳಿನ ಬುಡದಲ್ಲಿ ಹೈಪೋಥಲಮಸ್ ಎಂಬ ಭಾಗವಿದೆ. ಆಕ್ಸಿಟೋಸಿನ್ ಅಲ್ಲಿ ತಯಾರಾಗುತ್ತದೆ. ಅದನ್ನು ತಯಾರಿಸುವ ಜೀವಕೋಶಗಳಲ್ಲಿ ಒಂದು ಪುಟ್ಟ ಗುಂಪಿನ ಬಗ್ಗೆ 2016ರಲ್ಲಿ ಸಂಶೋಧಕರು ಬರೆದರು. ಇಲಿಯಲ್ಲಿ ಆ ಗುಂಪಿನ ಕೋಶಗಳು ಸುಮಾರು 30 ಮಾತ್ರ. ಅವು ಒಂದು ಕಡೆ ಬೆನ್ನುಹುರಿಗೆ ತಂತುಗಳನ್ನು ಚಾಚಿ, ಚರ್ಮದಿಂದ ಬರುವ ನೋವಿನ ಸುದ್ದಿಯನ್ನು ದಾರಿಯಲ್ಲೇ ತಗ್ಗಿಸುತ್ತವೆ. ಇನ್ನೊಂದು ಕಡೆ ದೊಡ್ಡ ಕೋಶಗಳನ್ನು ಎಚ್ಚರಿಸಿ ರಕ್ತಕ್ಕೂ ಆಕ್ಸಿಟೋಸಿನ್ ಬಿಡಿಸುತ್ತವೆ. 2020ರಲ್ಲಿ ಮತ್ತೊಂದು ಸಂಗತಿ ಗೊತ್ತಾಯಿತು: ಹೆಣ್ಣಿಲಿಗಳು ಒಂದನ್ನೊಂದು ಮೈಗೆ ಮೈ ತಾಗಿಸಿದಾಗ ಇದೇ ಪುಟ್ಟ ಗುಂಪು ಚುರುಕಾಗುತ್ತದೆ. ಅಂದರೆ ಚರ್ಮದ ನೋವನ್ನು ತಗ್ಗಿಸುವ ಒಂದು ಕೀಲಿಕೈ ಇನ್ನೊಂದು ಜೀವಿಯ ಚರ್ಮದಲ್ಲಿದೆ.

ಇಲಿಯ ಮಾತು ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಆಕ್ಸಿಟೋಸಿನನ್ನು ಮೂಗಿಗೆ ಸಿಂಪಡಿಸಿ ಮನುಷ್ಯರ ನೋವನ್ನು ಪರೀಕ್ಷಿಸಿದ ಪ್ರಯೋಗಗಳು ಒಂದೇ ಬಗೆಯ ಉತ್ತರ ನೀಡಿಲ್ಲ. ಕೆಲವೆಡೆ ನೋವು ಕುಗ್ಗಿದೆ, ಕೆಲವೆಡೆ ಏನೂ ಆಗಿಲ್ಲ. ಆದರೆ ಸ್ಪರ್ಶದ ವಿಚಾರದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ಹುಟ್ಟಿದ ಮಗುವಿನ ರಕ್ತ ಪರೀಕ್ಷೆಗೆ ಹಿಮ್ಮಡಿಯನ್ನು ಚುಚ್ಚುವುದು ಆಸ್ಪತ್ರೆಗಳಲ್ಲಿ ನಡೆಯುವ ಕೆಲಸ. 2000ದಲ್ಲಿ ಅಮೆರಿಕದಲ್ಲಿ 30 ಆರೋಗ್ಯವಂತ ಶಿಶುಗಳನ್ನು ಗಮನಿಸಿದರು. ಕೆಲವರನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ಚುಚ್ಚಿದರು. ಕೆಲವರನ್ನು ತಾಯಿಯ ಬರಿಯ ಎದೆಗೆ ಬರಿಮೈಯಾಗಿ ಒರಗಿಸಿ ಚುಚ್ಚಿದರು. ತಾಯಿಯ ಎದೆಯ ಮೇಲಿದ್ದವರ ಅಳು ಶೇಕಡಾ 82ರಷ್ಟು ಕಡಿಮೆಯಿತ್ತು, ಮುಖ ಕಿವುಚುವುದು ಶೇಕಡಾ 65ರಷ್ಟು ಕಡಿಮೆಯಿತ್ತು. ಅದೇ ಸೂಜಿ, ಅದೇ ಹಿಮ್ಮಡಿ. ಇದೆಲ್ಲವೂ ಆಕ್ಸಿಟೋಸಿನ್ ಒಂದರ ಕೆಲಸವೆಂದು ಯಾರೂ ಹೇಳಲಾರರು. ತಾಯಿಯ ಮೈಶಾಖ, ವಾಸನೆ, ಗರ್ಭದಲ್ಲೇ ಕೇಳಿ ಪರಿಚಯವಾದ ಎದೆಬಡಿತ, ಎಲ್ಲವೂ ಅಲ್ಲಿವೆ.

ನಮ್ಮ ಚರ್ಮದಲ್ಲಿ ಮೃದುವಾದ, ನಿಧಾನವಾದ ಸವರುವಿಕೆಗೆ ಮಾತ್ರ ಓಗೊಡುವ ಸೂಕ್ಷ್ಮ ನರತಂತುಗಳಿವೆ ಎಂಬುದೂ ಈಗ ತಿಳಿದಿದೆ. ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ ಸವರಿದರೆ ಅವು ಚೆನ್ನಾಗಿ ಸ್ಪಂದಿಸುತ್ತವೆ. ಆ ವೇಗದಲ್ಲಿ ಸವರಿದಾಗ ಶಿಶುಗಳ ಮಿದುಳಿನಲ್ಲಿ ನೋವಿನ ಅಲೆ ಕುಗ್ಗುವುದನ್ನು 2018ರಲ್ಲಿ ಆಕ್ಸ್‌ಫರ್ಡಿನವರು ದಾಖಲಿಸಿದರು. ಯಾವ ತಾಯಿಯೂ ಗಡಿಯಾರ ಹಿಡಿದು ಮಗುವಿನ ಬೆನ್ನು ಸವರುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಮಗುವನ್ನು ಮಲಗಿಸುವ ಅಜ್ಜಿಯ ಕೈಯನ್ನು ಒಮ್ಮೆ ಗಮನಿಸಿ ನೋಡಿ. ಹೆಚ್ಚು ಕಡಿಮೆ ಅದೇ ನಿಧಾನ ಕಂಡೀತು.

ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ 1978ರಲ್ಲಿ ಕಾವುಪೆಟ್ಟಿಗೆಗಳು ಸಾಲದೆ ಬಂದಾಗ, ಎಡ್ಗರ್ ರೇ ಎಂಬ ವೈದ್ಯರು ದಿನ ತುಂಬದೆ ಹುಟ್ಟಿದ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿ ಬೆಳೆಸುವ ಕ್ರಮವನ್ನು ಆರಂಭಿಸಿದರು. ಬಡತನ ಕಲಿಸಿದ ಉಪಾಯ ಅದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಕಾಂಗರೂ ತಾಯಿ ಆರೈಕೆ ಎಂಬ ಹೆಸರಿನಿಂದ ಇದನ್ನು ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ರೂಢಿಗೆ ತರುವ ಪ್ರಯತ್ನ ನಡೆದಿದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿದ ಕೂಡಲೇ ಹೀಗೆ ಎದೆಗಪ್ಪಿಕೊಂಡ ಕಡಿಮೆ ತೂಕದ ಶಿಶುಗಳಲ್ಲಿ ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ತಗ್ಗಿತ್ತು.

ಈ ಸಂಗತಿಗಳನ್ನು ಒಂದು ಭಾನುವಾರ ಯುವಜನರ ಮುಂದಿಟ್ಟಾಗ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಹಾಗಾದರೆ ಫಾದರ್, ತಾಯಿಯ ಪ್ರೀತಿ ಎನ್ನುವುದು ಒಂಬತ್ತು ಅಮೈನೋ ಆಮ್ಲವೇ?" ಎಲ್ಲರೂ ನಕ್ಕರು. ಪ್ರಶ್ನೆ ನಗುವಂಥದ್ದಲ್ಲ. ಸಾಂತ್ವನ ಒಂದು ರಾಸಾಯನಿಕವಾದರೆ, ಸಾಂತ್ವನ ನೀಡುವವನಿಗೆ ಅಲ್ಲೇನು ಕೆಲಸ? ಮುಂದೊಂದು ದಿನ ಅದನ್ನೇ ಸೀಸೆಯಲ್ಲಿ ತುಂಬಿ ಕೊಟ್ಟರೆ ರೋಗಿಯ ಮಂಚದ ಪಕ್ಕದ ಕುರ್ಚಿಯನ್ನು ತೆಗೆದುಬಿಡಬಹುದಲ್ಲವೇ?

ದನ ಸಾಕುವ ಊರುಗಳಲ್ಲಿ ಈ ಪ್ರಶ್ನೆಗೆ ಅರ್ಧ ಉತ್ತರ ಈಗಾಗಲೇ ಸಿಕ್ಕಿದೆ. ಕರು ಬಂದು ಕೆಚ್ಚಲಿಗೆ ಬಾಯಿ ಹಾಕಿ ಗುದ್ದಿದರೆ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಹರಿದು ಹಾಲು ಇಳಿಯುತ್ತದೆ. ಕರು ಸತ್ತರೆ ಹಾಲು ಇಳಿಯದು. ಆಗ ಕೆಲವರು ಇಂಜೆಕ್ಷನ್ ಹಿಡಿದರು. ದಿನಕ್ಕೆರಡು ಸಲ ಸೂಜಿ, ದಿನಕ್ಕೆರಡು ಸಲ ಹಾಲು, ಕರುವಿನ ಗೊಡವೆಯಿಲ್ಲ. ಈ ದುರ್ಬಳಕೆಯನ್ನು ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ದೇಶದ ಬಳಕೆಗಾಗಿ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯೊಂದಕ್ಕೇ ವಹಿಸಲು ಹೊರಟಿತು. ವೈದ್ಯರು ಬೆದರಿದರು. ಏಕೆಂದರೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲಿಸಿ ಬಾಣಂತಿಯ ಜೀವ ಉಳಿಸುವುದೂ ಇದೇ ಔಷಧ. ಅದಕ್ಕೆ ಕೊರತೆ ಬಂದರೆ ತಾಯಂದಿರ ಸಾವು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ರದ್ದುಪಡಿಸಿತು. ಒಂದೇ ದ್ರವ, ಒಂದು ಕೈಯಲ್ಲಿ ತಾಯಿಯನ್ನು ಉಳಿಸುತ್ತದೆ, ಇನ್ನೊಂದು ಕೈಯಲ್ಲಿ ಕರುವನ್ನು ಮರೆಸುತ್ತದೆ. ಹಾರ್ಮೋನಿಗೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿರಬೇಕಾದವರು ನಾವು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ನಿನ್ನ ತಾಯಿ ನಿನಗೆ ಕಾಗದ ಬರೆದರೆ ಅದರಲ್ಲಿ ಶಾಯಿ ಇರುತ್ತದೆ. ಶಾಯಿಯನ್ನು ಪರೀಕ್ಷಿಸಿದವನು ಕಾಗದ ಓದಿದಂತಾಗುವುದಿಲ್ಲ. ಆದರೆ ಶಾಯಿಯೇ ಇಲ್ಲದಿದ್ದರೆ ಓದಲು ಏನೂ ಇರುವುದಿಲ್ಲ. ಗುರುಮಠದಲ್ಲಿ ನಮಗೆ ಕಲಿಸಿದ ಸಂತ ತೋಮಸ್ ಅಕ್ವಿನಾಸರು ಆತ್ಮವನ್ನು ದೇಹವೆಂಬ ದೋಣಿಯಲ್ಲಿ ಕುಳಿತ ಅಂಬಿಗನಂತೆ ಕಂಡವರಲ್ಲ. ಆತ್ಮ, ದೇಹ ಕೂಡಿ ಒಬ್ಬನೇ ಮನುಷ್ಯ. ಹದಿಮೂರನೇ ಶತಮಾನದ ಆ ಮೇಧಾವಿ ದುಃಖಕ್ಕೂ ನೋವಿಗೂ ಪರಿಹಾರಗಳನ್ನು ಚರ್ಚಿಸುವಾಗ ಕಣ್ಣೀರನ್ನು, ಗೆಳೆಯರ ಸಹಾನುಭೂತಿಯನ್ನು, ಸತ್ಯದ ಚಿಂತನೆಯನ್ನು ಹೆಸರಿಸಿ, ಅದೇ ಸಾಲಿನಲ್ಲಿ ನಿದ್ರೆಯನ್ನೂ ಸ್ನಾನವನ್ನೂ ಸೇರಿಸುತ್ತಾರೆ. ವಿದ್ಯಾರ್ಥಿಗಳಾಗಿದ್ದಾಗ ಆ ಪುಟ ಬಂದರೆ ನಮಗೆ ನಗು. ಇಷ್ಟು ದೊಡ್ಡ ದೇವಶಾಸ್ತ್ರಜ್ಞರಿಗೆ ಬಿಸಿನೀರಿನ ಮಾತೇಕೆ ಎಂದು. ಪಕ್ಕೆ ಉರಿದು ನಿದ್ರೆಯಿಲ್ಲದೆ ಕಳೆದ ಮೇಲೆ ನನಗೆ ಆ ಪುಟದ ಬಗ್ಗೆ ನಗು ಬರುವುದಿಲ್ಲ.

ಸ್ಪರ್ಶ ಹಾರ್ಮೋನಿನ ಮೂಲಕ ಕೆಲಸ ಮಾಡುತ್ತದೆ ಎಂಬುದರಿಂದ ಪ್ರೀತಿ ಸಣ್ಣದಾಗುವುದಿಲ್ಲ. ನನಗೆ ಹೆಚ್ಚು ಕಷ್ಟವಾಗಿ ಕಂಡ ಪ್ರಶ್ನೆ ಬೇರೊಂದು. ಹಾರ್ಮೋನುಗಳು ನೋವಿನ ಅರಿವನ್ನೇ ಹೆಚ್ಚು ಕಡಿಮೆ ಮಾಡುತ್ತವೆಯೆಂದಾದರೆ, ಒಂದೇ ಚುಚ್ಚು ಇಬ್ಬರಲ್ಲಿ ಒಂದೇ ನೋವಲ್ಲ. ಒಬ್ಬರಲ್ಲೇ ಎರಡು ದಿನಗಳಲ್ಲಿ ಒಂದೇ ನೋವಲ್ಲ. ಅರೆತಲೆನೋವು ಬಾಲ್ಯದಲ್ಲಿ ಗಂಡು ಹೆಣ್ಣುಗಳಲ್ಲಿ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಪ್ರಾಯಕ್ಕೆ ಬಂದ ಮೇಲೆ ಹೆಂಗಸರಲ್ಲಿ ಅದು ಎರಡು ಮೂರು ಪಟ್ಟಾಗುತ್ತದೆ. ಅನೇಕ ಹೆಂಗಸರಲ್ಲಿ ತಿಂಗಳ ದಿನಗಳಿಗೆ ತಕ್ಕಂತೆ ಅದು ಏರಿಳಿಯುತ್ತದೆ. ಗರ್ಭಿಣಿ ಇಲಿಗಳು ಹೆರಿಗೆಯ ದಿನ ಹತ್ತಿರ ಬಂದಂತೆ ನೋವನ್ನು ಹೆಚ್ಚು ತಾಳಬಲ್ಲವೆಂದು 1980ರಲ್ಲಿಯೇ ಕಂಡುಬಂತು. ದೇಹ ತಾನೇ ತಯಾರಿಸುವ ಎಂಡಾರ್ಫಿನ್ ಎಂಬ ನೋವುನಿವಾರಕಗಳು ಅದಕ್ಕೆ ಕಾರಣವಾಗಿದ್ದವು.

ಹೀಗಿರುವಾಗ "ಆ ತಾಯಿಯನ್ನು ನೋಡಿ ಕಲಿಯಿರಿ" ಎಂದು ಹೇಳುವ ಹಕ್ಕು ನನಗೆಲ್ಲಿಂದ ಬಂತು? ಕಾಲು ಕತ್ತರಿಸಿಕೊಂಡ ತಾಯಿ ನಗುತ್ತಿದ್ದುದು ಆಕೆಯ ಪುಣ್ಯಶೀಲತೆ ಇರಬಹುದು. ಸಕ್ಕರೆ ಕಾಯಿಲೆ ಆಕೆಯ ನರಗಳನ್ನೇ ಮರಗಟ್ಟಿಸಿದ್ದಿರಬಹುದು. ಆಕೆಯ ಮನೆಯಲ್ಲಿ ಆರು ಮಂದಿ ಸುತ್ತಲಿರುತ್ತಿದ್ದರು, ಅದರ ಫಲವೂ ಇರಬಹುದು. ಅಜ್ಜಿಯ ನರಳಾಟದ ಹಿಂದೆ ನಾನು ಕಾಣಲಾರದ ಒಂದು ಯುದ್ಧವೇ ಇದ್ದಿರಬಹುದು. ನಾನು ಕೇಳಿಸಿಕೊಂಡ ನರಳಿಕೆ ಆಕೆ ಹತ್ತರಲ್ಲಿ ಒಂಬತ್ತನ್ನು ನುಂಗಿಕೊಂಡು ಉಳಿದ ಒಂದಾಗಿದ್ದಿರಬಹುದು. ಸಹಜ ಸ್ವಭಾವದಿಂದ ಬರುವ ಒಲವು ಬೇರೆ, ಇಚ್ಛಾಪೂರ್ವಕವಾಗಿ ಗಳಿಸಿದ ಸದ್ಗುಣ ಬೇರೆ ಎಂದು ನೀತಿಶಾಸ್ತ್ರದ ತರಗತಿಯಲ್ಲಿ ಬಾಯಿಪಾಠ ಮಾಡಿ ಉತ್ತೀರ್ಣನಾದವನು ನಾನು. ಆದರೆ ಒಂದು ಮಂಚದ ಮುಂದೆ ನಿಂತಾಗ ಆ ಭೇದ ಮರೆತುಹೋಗಿತ್ತು. ನೋವಿಲ್ಲದವರ ಶಾಂತಿಯನ್ನು ತಾಳ್ಮೆಯೆಂದು ಹೊಗಳಿ, ನೋವಿರುವವರ ತಾಳ್ಮೆಯನ್ನು ಗೊಣಗಾಟವೆಂದು ತೆಗಳುವ ತಪ್ಪನ್ನು ನಮ್ಮ ಪ್ರಬೋಧನೆಗಳಲ್ಲಿ ಎಷ್ಟು ಸಲ ಮಾಡಿದ್ದೇವೆಯೋ. ಮನೆಗಳಲ್ಲಿಯೂ ಇದು ನಡೆಯುತ್ತದೆ. "ನಾವೆಲ್ಲ ಹೆತ್ತಿಲ್ಲವೇ, ಇವಳದ್ದೇನು ದೊಡ್ಡದು" ಎಂದು ಸೊಸೆಗೆ ಹೇಳುವ ಅತ್ತೆ, ತನ್ನ ಮೈಯನ್ನೇ ಅಳತೆಗೋಲಾಗಿ ಇನ್ನೊಂದು ಮೈಗೆ ಹಿಡಿಯುತ್ತಿದ್ದಾಳೆ.

ಈ ಅಳತೆಗೋಲು ಎಷ್ಟು ಅಪಾಯಕಾರಿ ಎಂಬುದಕ್ಕೆ ನಮ್ಮ ಕಾಲದ್ದೇ ಒಂದು ಉದಾಹರಣೆಯಿದೆ. ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದೆ. 1980ರ ದಶಕದ ನಡುಭಾಗದವರೆಗೆ ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲಿಯೂ ನವಜಾತ ಶಿಶುಗಳಿಗೆ ಬಹಳ ಕಡಿಮೆ ಅರಿವಳಿಕೆ ಕೊಟ್ಟು, ಮೈ ಅಲುಗಾಡದಂತೆ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ನೀಡಿ ಶಸ್ತ್ರಚಿಕಿತ್ಸೆ ಮಾಡುವ ರೂಢಿಯಿತ್ತು. ಶಿಶುವಿನ ನರಮಂಡಲ ಬಲಿತಿಲ್ಲ, ಅದಕ್ಕೆ ನೋವು ನಮ್ಮಂತೆ ತಿಳಿಯದು ಎಂಬ ನಂಬಿಕೆ ಇದರ ಹಿಂದಿತ್ತು. ಪ್ರಬಲ ಔಷಧವನ್ನು ಆ ಪುಟ್ಟ ದೇಹ ತಾಳಲಾರದೆಂಬ ಭಯವೂ ಇತ್ತು. ವೈದ್ಯರು ಕ್ರೂರಿಗಳಾಗಿರಲಿಲ್ಲ. ಮಗು ಹೇಳಲಾರದು, ಅಲುಗಾಡಲೂ ಆರದು. ಹಾಗಾಗಿ ನೋವಿಲ್ಲ ಎಂದುಕೊಂಡರು. ಆಗ ಭಾರತದಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಯುವ ವೈದ್ಯ ಕೆ.ಜೆ.ಎಸ್. ಆನಂದ್, ಸಹೋದ್ಯೋಗಿಗಳೊಂದಿಗೆ ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ ಅವಧಿಪೂರ್ವ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಫೆಂಟನಿಲ್ ಎಂಬ ನೋವುನಿವಾರಕವನ್ನು ಪಡೆಯದ ಕೂಸುಗಳಲ್ಲಿ ಆತಂಕದ ಹಾರ್ಮೋನುಗಳು ಬಹಳ ಏರಿದ್ದವು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಅವರಲ್ಲೇ ಹೆಚ್ಚು. 1987ರಲ್ಲಿ ಈ ವರದಿ ಪ್ರಕಟವಾಯಿತು. ಲೋಕದ ರೂಢಿ ಬದಲಾಗತೊಡಗಿತು.

ಬಾಯಿಲ್ಲದ ಕೂಸಿನ ಪರವಾಗಿ ಹಾರ್ಮೋನುಗಳು ಸಾಕ್ಷಿ ನುಡಿದವು ಎಂದು ನಾನು ಇದನ್ನು ಓದಿಕೊಂಡಿದ್ದೇನೆ. ನೋವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿತು. ನೋವು ಎಂದಿಗೂ ವ್ಯಕ್ತಿಯ ಸ್ವಂತ ಅನುಭವ, ನೋವಾಗಿದೆ ಎಂದು ಒಬ್ಬನು ಹೇಳಿದರೆ ಅದನ್ನು ಗೌರವಿಸಬೇಕು, ಹೇಳಲಾಗದವನಿಗೆ ನೋವಿಲ್ಲವೆಂದು ತಿಳಿಯಬಾರದು ಎಂಬುದು ಅದರ ಜೊತೆಗಿರುವ ಟಿಪ್ಪಣಿಗಳ ಸಾರ. ನಮ್ಮ ಮನೆಗಳಲ್ಲಿ ಮಾತು ಬಾರದ ಶಿಶುಗಳಿದ್ದಾರೆ, ಮಾತು ಮರೆತ ವೃದ್ಧರಿದ್ದಾರೆ, ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದವರಿದ್ದಾರೆ. ಅವರ ಪರವಾಗಿ ರಕ್ತ ಪರೀಕ್ಷೆ ಮಾಡಿಸಿ ಸಾಕ್ಷಿ ಹುಡುಕುವವರು ಯಾರು? ಹಾಸಿಗೆ ಬದಲಿಸುವಾಗ ಅವರ ಮುಖ ಕಿವುಚುವುದನ್ನು ನೋಡುವ ಕಣ್ಣೊಂದೇ ಅಲ್ಲಿರುವ ಸಾಕ್ಷಿ.

ಇಲ್ಲಿ ಇನ್ನೊಂದು ತಪ್ಪಿಗೂ ದಾರಿಯಿದೆ. ಸ್ಪರ್ಶವೇ ಔಷಧವೆಂದು ಕೇಳಿದ ಕೂಡಲೇ, ಕೈ ಹಿಡಿದು ಪ್ರಾರ್ಥಿಸಿದರೆ ಸಾಕು, ಮಾತ್ರೆ ಏಕೆ ಎನ್ನುವ ಭಕ್ತರು ನಮ್ಮಲ್ಲಿ ಕಡಿಮೆಯಿಲ್ಲ. ಕ್ಯಾನ್ಸರಿನ ಮೂಳೆನೋವಿಗೆ ಯಾರ ಕೈ ಹಿಡಿದರೂ ಸಾಲದು. ಅದಕ್ಕೆ ಮಾರ್ಫಿನ್ ಬೇಕು. ಮಾರ್ಫಿನ್ ಅಫೀಮಿನ ಗಿಡದ ವಸ್ತುವಾದರೂ ಅದು ಕೂರುವ ಸ್ಥಾನಗಳು ನಮ್ಮ ನರಕೋಶಗಳ ಮೇಲೆ ಮೊದಲೇ ಇವೆ. ಅವು ಏಕಿವೆ ಎಂಬ ಪ್ರಶ್ನೆಗೆ 1975ರಲ್ಲಿ ಸ್ಕಾಟ್‌ಲೆಂಡಿನ ಅಬರ್‌ಡೀನಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ಉತ್ತರ ಕಂಡುಕೊಂಡರು: ಮಿದುಳು ತಾನೇ ಅಂಥ ವಸ್ತುವನ್ನು ತಯಾರಿಸುತ್ತದೆ. ಸೃಷ್ಟಿಕರ್ತನು ನಮ್ಮೊಳಗೇ ಇಟ್ಟಿರುವ ಬಾಗಿಲನ್ನು ವೈದ್ಯನು ಹೊರಗಿನಿಂದ ತಟ್ಟುತ್ತಾನೆ. ಅದರಲ್ಲಿ ಅಪರಾಧವೆಲ್ಲಿದೆ?

ಅಪರಾಧವೆಂದು ಭಾವಿಸಿದವರು ಇದ್ದರು. 1847ರಲ್ಲಿ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ, ಹವ್ವಳಿಗೆ ವಿಧಿಸಿದ ಪ್ರಸವವೇದನೆಯನ್ನು ತಪ್ಪಿಸಲು ನೀವು ಯಾರು ಎಂದು ಆಕ್ಷೇಪಿಸಿದವರಿದ್ದರು. ಸಿಂಪ್ಸನ್ ಅದೇ ಆದಿಕಾಂಡವನ್ನು ತೆರೆದು, ಆದಾಮನ ಪಕ್ಕೆಲುಬನ್ನು ತೆಗೆಯುವ ಮುನ್ನ ದೇವರು ಅವನಿಗೆ ಗಾಢನಿದ್ರೆ ಬರಿಸಿದ್ದನ್ನು ತೋರಿಸಿದರು. ನಮ್ಮ ಧರ್ಮಸಭೆಯ ನಿಲುವು ಸ್ಪಷ್ಟವಾಗಿದೆ. ಪೋಪ್ ಹನ್ನೆರಡನೇ ಪಿಯುಸರು 1956ರ ಜನವರಿಯಲ್ಲಿ ನೋವಿಲ್ಲದ ಹೆರಿಗೆಯ ಕ್ರಮದಲ್ಲಿ ನೈತಿಕ ದೋಷವಿಲ್ಲವೆಂದರು. 1957ರ ಫೆಬ್ರವರಿ 24ರಂದು ಅರಿವಳಿಕೆ ವೈದ್ಯರಿಗೆ ಉತ್ತರಿಸುತ್ತ, ಬೇರೆ ದಾರಿಯಿಲ್ಲದಾಗ ಆಯುಷ್ಯ ಸ್ವಲ್ಪ ಕುಗ್ಗಬಹುದೆಂದು ಗೊತ್ತಿದ್ದರೂ, ನೋವನ್ನು ನಿವಾರಿಸುವ ಉದ್ದೇಶದಿಂದಲೇ ಔಷಧ ಕೊಡುವುದು ಸಮ್ಮತವೆಂದರು. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಮಾತು ನಮ್ಮ ಎಷ್ಟು ಕುಟುಂಬಗಳಿಗೆ ತಲುಪಿದೆ? ನೋವಿನ ಔಷಧ ಬೇಡವೆಂದರೆ ಹೆಚ್ಚು ಪುಣ್ಯ ಎಂದು ನಂಬಿ ನರಳಿದವರನ್ನು ನಾನು ಕಂಡಿದ್ದೇನೆ. ಇತ್ತ ಸರಕಾರದ ಕಾನೂನೂ ಬಹುಕಾಲ ಅಡ್ಡಗಾಲಾಗಿತ್ತು. 1985ರ ಮಾದಕವಸ್ತು ಕಾಯಿದೆಯ ಬಿಗಿಯಲ್ಲಿ ಆಸ್ಪತ್ರೆಗಳೇ ಮಾರ್ಫಿನ್ ಇಟ್ಟುಕೊಳ್ಳಲು ಹೆದರಿದವು. 2014ರ ತಿದ್ದುಪಡಿಯ ನಂತರ ನಿಯಮ ಸಡಿಲವಾಯಿತು. ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಆರಂಭಿಸಿದ ಉಪಶಮನ ಆರೈಕೆಯ ಕೆಲಸ, ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯ, ಇಂಥ ಕಡೆಗಳಲ್ಲಿ ಮಾತ್ರೆಯೂ ಕೈಸ್ಪರ್ಶವೂ ಜೊತೆಜೊತೆಗೆ ಸಿಗುತ್ತವೆ.

ಕ್ರಿಸ್ತರು ಶಿಲುಬೆಯ ಬಳಿ ತಮಗೆ ನೀಡಿದ ರಕ್ತಬೋಳ ಬೆರೆತ ದ್ರಾಕ್ಷಾರಸವನ್ನು ಕುಡಿಯಲಿಲ್ಲವಲ್ಲ ಎಂದು ಒಬ್ಬ ಭಕ್ತರು ನನ್ನನ್ನು ಕೇಳಿದ್ದುಂಟು. ನಿಜ, ಅವರು ಕುಡಿಯಲಿಲ್ಲ. ಆದರೆ ಅವರು ಯಾವ ರೋಗಿಗೂ ನೋವನ್ನು ಸಹಿಸು ಎಂದು ಹೇಳಿ ಕಳುಹಿಸಿದ ಪ್ರಸಂಗ ಶುಭಸಂದೇಶಗಳಲ್ಲಿ ಇಲ್ಲ. ಕುಷ್ಠರೋಗಿಯನ್ನು ಮಾತಿನಿಂದಲೇ ಗುಣಪಡಿಸಬಹುದಿತ್ತು, ಕೈಚಾಚಿ ಮುಟ್ಟಿದರು. ಅವರ ಸಾಮತಿಯ ಸಮಾರಿಯದವನು ದಾರಿಯಲ್ಲಿ ಬಿದ್ದವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಚ್ಚಿ ಗಾಯ ಕಟ್ಟಿದನು. ನಿನಗೆ ನೋವು ಎಷ್ಟಿದೆ ಎಂದು ವಿಚಾರಣೆ ಮಾಡಲಿಲ್ಲ. ಯೋಬನ ಗೆಳೆಯರನ್ನು ನಾವು ಬಯ್ಯುತ್ತೇವೆ. ಆದರೆ ಚರ್ಮವೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತವನ ಪಕ್ಕದಲ್ಲಿ ಅವರು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಕುಳಿತರು. ಬಾಯಿ ತೆರೆದು ಅವನ ನೋವನ್ನು ಅಳೆಯಲು ತೊಡಗಿದ ಮೇಲೆ ಅವರು ಕೆಟ್ಟರು. ನಾನು ಆ ಅಜ್ಜಿಯ ಮನೆಯಲ್ಲಿ ಏಳು ನಿಮಿಷವೂ ಸುಮ್ಮನೆ ಕುಳಿತಿರಲಿಲ್ಲ.

ನನ್ನ ಕಾಯಿಲೆಯ ದಿನಗಳಲ್ಲಿ ತಂಗಿ ಊರಿನಿಂದ ಬಂದು ಎರಡು ವಾರ ಇದ್ದಳು. ಉರಿಯುವ ಪಕ್ಕೆಯನ್ನು ಮುಟ್ಟುವಂತಿರಲಿಲ್ಲ. ಅಲ್ಲಿ ಸ್ಪರ್ಶವೇ ನೋವು. ರಾತ್ರಿ ಆಕೆ ಬಲಗಡೆ ಕುಳಿತು ನನ್ನ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಜಪಮಾಲೆ ಹೇಳುತ್ತಿದ್ದಳು. ಐವತ್ತು ದಾಟಿದ ಗುರುವಿಗೆ ಹೀಗೆ ಯಾರಾದರೂ ಕೈ ಹಿಡಿದು ಎಷ್ಟು ಕಾಲವಾಗಿತ್ತೆಂದು ನಾನು ಲೆಕ್ಕ ಹಾಕಲು ಯತ್ನಿಸಿದೆ, ಆಗಲಿಲ್ಲ. ನರದ ಮಾತ್ರೆ ಕೆಲಸ ಮಾಡುತ್ತಿತ್ತು, ನಿಜ. ಎರಡನೇ ದಶಕ ಮುಗಿಯುವ ಹೊತ್ತಿಗೆ ನಾನು ನಿದ್ರೆ ಹೋಗಿರುತ್ತಿದ್ದೆ. ಅದರಲ್ಲಿ ಎಷ್ಟು ಪಾಲು ಮಾತ್ರೆಯದು, ಎಷ್ಟು ಆಕ್ಸಿಟೋಸಿನಿನದು, ಎಷ್ಟು ಮಾತೆ ಮರಿಯಮ್ಮನವರದು ಎಂದು ಬಿಡಿಸಿ ಹೇಳಲು ನನ್ನಿಂದಾಗದು.

ಗುಣವಾದ ಮೇಲೆ, ಹಿಂದಿನ ಧರ್ಮಕೇಂದ್ರದ ಹಬ್ಬಕ್ಕೆ ಕರೆ ಬಂದಾಗ ಹೋದೆ. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಸಮಾಧಿಯ ಬಳಿ ಪ್ರಾರ್ಥಿಸಿ ಆ ಮನೆಗೆ ಹೋದೆ. ಸೊಸೆ ಕಾಫಿ ಕೊಟ್ಟರು. ನಾನು ಹಿಂಜರಿಯುತ್ತಲೇ ಅಂದಿನ ನನ್ನ ಮಾತನ್ನು ನೆನಪಿಸಿ, "ಅಮ್ಮಾ, ಅಂದು ನಾನು ಹಾಗೆ ಹೇಳಬಾರದಿತ್ತು" ಎಂದೆ. ಆಕೆಗೆ ಅದು ನೆನಪಿರಲಿಲ್ಲ. ಅಥವಾ ನನ್ನ ಮುಖ ನೋಡಿ ನೆನಪಿಲ್ಲವೆಂದರೋ. "ಆಮೇಲೂ ಒಂದು ವರ್ಷ ಉರಿ ಇತ್ತು ಸ್ವಾಮಿ" ಎಂದರು. "ನೀವು ಬಂದಾಗ ಮಾತ್ರ ಅತ್ತೆ ಹೇಳುತ್ತಿರಲಿಲ್ಲ. ರಾತ್ರಿ ಹೊತ್ತು ಇವಳು ಕಾಲ ಹತ್ತಿರ ಕೂತು ಕಾಲು ಒತ್ತುತ್ತಿದ್ದಳು. ಆಗ ಸ್ವಲ್ಪ ಕಣ್ಣು ಮುಚ್ಚೋರು."

ಇವಳು ಎಂದದ್ದು ಬಾಗಿಲ ಬಳಿ ತನ್ನ ಕೂಸನ್ನು ಎತ್ತಿಕೊಂಡು ನಿಂತಿದ್ದ ಮಗಳನ್ನು. ಅಂದು ಆಕೆಗೆ ಆರು ವರ್ಷ. ಅಷ್ಟು ಸಣ್ಣವಳಿಗೆ ಅದು ಹೇಗೆ ತಿಳಿಯಿತಮ್ಮ ಎಂದು ಕೇಳಿದೆ. ಆಕೆ ನಾಚಿಕೊಂಡು ನಕ್ಕಳು. "ಒತ್ತಿದರೆ ಅಜ್ಜಿ ಕತೆ ಹೇಳೋರು ಫಾದರ್, ಅದಕ್ಕೆ" ಎಂದಳು.